ಲೈಮನ್‌ನನ್ನು ಹಿಡಿಸಿಕೊಟ್ಟವರು

ಆ ವರ್ಷ ಎಲಿಮ್ ಊರಿನಲ್ಲಿ ನಾಯಿ ಬೊಗಳದೆ ಸುಮ್ಮನಿದ್ದರೂ ಅದರ ಮೇಲೆ ಅನುಮಾನ ಬರುತ್ತಿತ್ತು. ನಾನಂತೂ ಹುಟ್ಟಿನಿಂದಲೇ ಸಂಶಯದ ಪ್ರಾಣಿ. ಸೂಜಿ ಮಾರುವವನು ಬಾಗಿಲಲ್ಲಿ ನಿಂತು ನೀರು ಕೇಳಿದರೆ, ಅವನ ಕಣ್ಣು ಲೋಟದ ಮೇಲಿದೆಯೋ ಒಳಗಿನ ಮಂಚಗಳ ಮೇಲಿದೆಯೋ ಎಂದು ನೋಡುತ್ತಿದ್ದೆ.

ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ, ಮೀರಿದರೆ ಜೈಲು ಎಂದು ದೂರದ ಸರ್ಕಾರ ಕಾನೂನು ಮಾಡಿತ್ತು. ನಮ್ಮ ಗಂಡಸರಿಗೆ ದೇವರ ಹೆಸರಿನಲ್ಲಿ ಇಬ್ಬರು, ಮೂವರು ಇದ್ದರು. ಸರ್ಕಾರದ ಪೊಲೀಸರಾದ ಮಾರ್ಷಲ್‌ಗಳು ಕುದುರೆ ಏರಿ ಊರಿಗೆ ಬರುವುದು, ಗಂಡಸರು ಬೆಟ್ಟ ಹತ್ತಿ ಅಡಗುವುದು, ಇದೇ ಆಗಿತ್ತು. ನಾವು ಮಕ್ಕಳಿಗೆ ಪ್ರಾರ್ಥನೆಗಿಂತ ಮೊದಲು ಒಂದು ಸುಳ್ಳು ಕಲಿಸಿದ್ದೆವು. ಗುರುತಿಲ್ಲದವರು ಅಪ್ಪ ಯಾರು ಎಂದರೆ ‘ಗೊತ್ತಿಲ್ಲ’ ಎನ್ನಬೇಕು. ನನ್ನ ಮಗಳು ಲವಿನಾ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಬೆಟ್ಟದಿಂದ ಕದ್ದು ಇಳಿದು ಬಂದ ಅಪ್ಪನೇ ಮುದ್ದಿಗೆ “ಯಾರ ಮಗಳೇ ನೀನು?” ಎಂದು ಕೇಳಿದಾಗ “ಗೊತ್ತಿಲ್ಲ ಸ್ವಾಮಿ” ಎಂದಳು. ನನ್ನ ಗಂಡ ಹೀಬರ್ ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿ ಕುಳಿತ.

ನಾನು ಹೀಬರನ ಎರಡನೆಯ ಹೆಂಡತಿ ಕೆಜಾಯಾ. ಮೊದಲನೆಯವಳು ಥರ್ಜಾ. ಒಂದೇ ಸೂರು, ಒಂದೇ ಒಲೆ. ಉಪ್ಪಿಗೆ, ಸೌದೆಗೆ, ಸೋಪಿಗೆ ನಾವಿಬ್ಬರೂ ಬೇಕಾದಷ್ಟು ಜಗಳ ಆಡಿದ್ದೇವೆ. ಗಂಡನಿಗಾಗಿ ಆಡಿದ್ದು ಕಡಿಮೆ. ಥರ್ಜಾಗೆ ಮಕ್ಕಳಾಗಲಿಲ್ಲ. ನನ್ನ ಮಕ್ಕಳು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು, ಪೆಟ್ಟು ಬಿದ್ದರೆ ಓಡುತ್ತಿದ್ದದ್ದೂ ಅವಳ ಹತ್ತಿರವೇ.

ಅವಳು ಬರೆಯುವವಳು. ನಮ್ಮ ಮತದವರ ಮೊದಲ ಗುಂಪಿನ ಜೊತೆ ತಳ್ಳುಗಾಡಿ ತಳ್ಳಿಕೊಂಡು ಬಯಲು ದಾಟಿ ಬಂದ ಹುಡುಗಿ ಆಕೆ. ದಾರಿಯಲ್ಲಿ ಸತ್ತವರಿಗೆ ಪೆಟ್ಟಿಗೆ ಮಾಡಲು ಮರವಿರಲಿಲ್ಲ, ಗುರುತಿಗೆ ಕಲ್ಲಿರಲಿಲ್ಲ. ಹೂಳುವವರ ಪಕ್ಕ ನಿಂತು ನಾಲ್ಕು ಸಾಲು ಪದ್ಯ ಕಟ್ಟಿ ಹೇಳುತ್ತಿದ್ದಳಂತೆ. ಎಲಿಮ್‌ನಲ್ಲಿ ಅದು ರೂಢಿಯಾಯಿತು. ಇಲ್ಲಿ ಯಾರು ಸತ್ತರೂ ಒಂದು ಕಡೆ ಬಡಗಿಗೆ ಹೇಳಿಕಳಿಸುತ್ತಿದ್ದರು, ಇನ್ನೊಂದು ಕಡೆ ಥರ್ಜಾಗೆ. ಅವಳ ಪದ್ಯ ನಗರದ ಹೆಂಗಸರ ಪತ್ರಿಕೆಯಲ್ಲಿ ಅಚ್ಚಾಗಿ ಬಂದರೆ ಸತ್ತವರ ಮನೆಯವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು.

ಲೈಮನ್‌ನನ್ನು ಹಿಡಿದದ್ದು ಏಪ್ರಿಕಾಟ್ ಹಣ್ಣು ಒಣಗಿಸುವ ಕಾಲದಲ್ಲಿ. ಅವನಿಗೆ ಮೂರು ಹೆಂಡಿರು. ಮಾರ್ಷಲ್‌ಗಳು ಮೊದಲಿಬ್ಬರ ಮನೆಗಳ ಮುಂದೆ ಕುದುರೆಯನ್ನೂ ನಿಲ್ಲಿಸದೆ, ನೇರವಾಗಿ ಮೂರನೆಯವಳಾದ ಸೊಫ್ರೋನಿಯಾಳ ಮನೆಗೆ ಹೋಗಿ ಗೋಧಿ ಕಣಜದೊಳಗಿಂದ ಅವನನ್ನು ಎಳೆದರು. ಅವನ ಗಡ್ಡದ ತುಂಬ ಕಾಳು. ಆ ಮದುವೆ ಊರಿನ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಂದರೆ ಒಳಗಿನವರೇ ಯಾರೋ ಬಾಯಿ ಬಿಟ್ಟಿದ್ದರು. ಅವನ ಹಿಂದೆಯೇ ಇನ್ನೂ ಕೆಲವರು ಜೈಲಿಗೆ ಹೋದರು, ಪ್ರತಿ ಸಲವೂ ಸರಿಯಾದ ಮನೆ, ಸರಿಯಾದ ಹೆಂಡತಿ.

ಥರ್ಜಾಳ ಕಡೆ ಮೊದಲು ಬೆರಳು ತೋರಿಸಿದವಳು ಸೊಫ್ರೋನಿಯಾಳೇ. ಹೆಂಗಸರೆಲ್ಲ ಸೇರಿ ಕೌದಿ ಹೊಲಿಯುವಾಗ ನನ್ನ ಎದುರೇ ಶುರು ಮಾಡಿದಳು.

“ನಮ್ಮೂರಿಂದ ನಗರಕ್ಕೆ ಕಾಗದ ಕಳಿಸೋರು ಯಾರು? ಹೇಳ್ರಮ್ಮ. ನನಗಂತೂ ಸಹಿ ಮಾಡೋಕೂ ಬರಲ್ಲ.”

“ಪದ್ಯ ಕಳಿಸ್ತಾಳೆ ಕಣೇ, ಪದ್ಯ” ಎಂದೆ ನಾನು.

“ಪದ್ಯದ ಹಿಂದೆ ಏನಿರುತ್ತೋ ಯಾರು ಕಂಡಿದಾರೆ? ಎಲ್ಲರ ಗಂಡಂದಿರೂ ಜೈಲಲ್ಲಿ ಕಲ್ಲು ಒಡೀತಿದಾರೆ. ನಿಮ್ಮಿಬ್ಬರ ಗಂಡ ಮಾತ್ರ ಬೆಟ್ಟದಲ್ಲಿ ತಂಪಾಗಿದಾನೆ. ಅದೇನು ಪುಣ್ಯನೋ!”

ಯಾರೂ ತಲೆ ಎತ್ತಲಿಲ್ಲ. ಸೂಜಿಗಳು ಮಾತ್ರ ಜೋರಾಗಿ ಓಡಿದವು. ನನಗೆ ಮೈ ಉರಿದುಹೋಯಿತು. ಆದರೆ ಮಾತು ಸುಳ್ಳಲ್ಲ, ಹೀಬರನನ್ನು ಯಾರೂ ಮುಟ್ಟಿರಲಿಲ್ಲ. ನನಗೆ ಎಲ್ಲರ ಮೇಲೂ ಅನುಮಾನವಿರುವಾಗ ಥರ್ಜಾಳನ್ನೊಬ್ಬಳನ್ನು ಬಿಟ್ಟರೆ ಅದು ಪಕ್ಷಪಾತ. ಮನೆಗೆ ಬಂದವಳೇ ಕೇಳಿಬಿಟ್ಟೆ. ಅವಳು ಅಂಗಳದಲ್ಲಿ ಹಣ್ಣು ಬಿಡಿಸಿ ಬೀಜ ತೆಗೆಯುತ್ತಿದ್ದಳು.

“ನೀನೇನಾ?”

“ಏನು ನಾನೇನಾ?”

“ಲೈಮನ್ ವಿಷಯ. ಮಾರ್ಷಲ್‌ಗಳಿಗೆ ಬರೆದೋಳು.”

ಅವಳು ಕೈಯ ಅಂಟನ್ನು ಏಪ್ರನ್ನಿಗೆ ಒರೆಸಿಕೊಂಡಳು. “ನಾನು ಕದ್ದುಮುಚ್ಚಿ ಒಂದು ಅಕ್ಷರಾನೂ ಬರೆದಿಲ್ಲ ಕಣೇ. ಬರೆದಿದ್ದೆಲ್ಲ ಊರಿಗೆಲ್ಲ ಕಾಣೋ ಹಾಗೇ ಬರೆದಿದೀನಿ.”

ಅಷ್ಟೇ ಹೇಳಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ತಪ್ಪು ಮಾಡದವಳು ನನ್ನ ಜುಟ್ಟು ಹಿಡಿಯಬೇಕಿತ್ತು. ಅಂದಿನಿಂದ ಅವಳು ಬರೆಯುವುದನ್ನೂ ನಿಲ್ಲಿಸಿದಳು. ಶಾಯಿ ಬಾಟಲಿಯನ್ನು ತೊಳೆದು ಅದರಲ್ಲಿ ವಿನೆಗರ್ ತುಂಬಿಟ್ಟಳು. ಕಮ್ಮಾರ ಜಾರೆಡ್‌ನ ತಾಯಿ ಸತ್ತಾಗ ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ, ಮುದುಕಿ ಪದ್ಯವಿಲ್ಲದೆ ಮಣ್ಣಿಗೆ ಹೋದಳು.

ಮೊದಲ ಹಿಮ ಬೀಳುವ ಹೊತ್ತಿಗೆ ಥರ್ಜಾ ಹಾಸಿಗೆ ಹಿಡಿದಳು. ಎದೆಯ ಜ್ವರ. ಎಲಿಮ್‌ನಲ್ಲಿ ಯಾರಾದರೂ ಮಲಗಿದರೆ ಹೆಂಗಸರು ಸರದಿಯ ಮೇಲೆ ಬಂದು ಕೂರುತ್ತಾರೆ, ಒಬ್ಬಳು ಸಾರು ತಂದರೆ ಇನ್ನೊಬ್ಬಳು ಬಟ್ಟೆ ಒಗೆಯುತ್ತಾಳೆ. ನಮ್ಮ ಮನೆಗೆ ಯಾರೂ ಬರಲಿಲ್ಲ. ನಮ್ಮ ಊರಿನ ಸಭೆಯ ಹಿರಿಯನಾದ ಬಿಷಪ್ಪನ ಹೆಂಡತಿ ಬೇಲಿಯ ಆಚೆಯಿಂದಲೇ “ಹೇಗಿದಾಳೆ?” ಎಂದಳು. “ಒಳಗೆ ಬಂದು ನೋಡಿದ್ರೆ ನಿನ್ನ ಕಣ್ಣು ಸವೆದು ಹೋಗುತ್ತಾ?” ಎಂದೆ. ಅವಳು ಶಾಲು ಬಿಗಿದುಕೊಂಡು ಹೋದಳು.

ನಾನು ಒಬ್ಬಳೇ ಸೊಪ್ಪಿನ ಕಷಾಯ ಕುದಿಸಿದೆ, ಎದೆಗೆ ಸಾಸಿವೆ ಪಟ್ಟಿ ಕಟ್ಟಿದೆ, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿದೆ. ಇವಳ ಪದ್ಯವಿಲ್ಲದ ಒಂದು ಗೋಡೆ ಈ ಊರಿನಲ್ಲಿಲ್ಲ. ಅಂಥವಳು ದ್ರೋಹಿ ಎನ್ನಿಸಿಕೊಂಡು ಸಾಯಬಾರದು, ಅವಳ ಹೆಸರು ಶುದ್ಧವಾಗಬೇಕು. ನನಗೆ ಬೇಕಾದದ್ದು ಅಷ್ಟೇ. ಅವಳೇ ಅಪರಾಧಿ ಆಗಿದ್ದರೆ ಎಂಬ ಹೆದರಿಕೆಯೂ ಒಳಗೆ ಇತ್ತು. ಅದು ನನ್ನ ಸ್ವಭಾವ, ಸಾಯುವವರ ಪಕ್ಕ ಕುಳಿತರೂ ಬಿಡುವುದಿಲ್ಲ.

ಒಂದು ಬೆಳಿಗ್ಗೆ ಹೀಬರನನ್ನು ಹುಡುಕಿಕೊಂಡು ಮಾರ್ಷಲ್ ಬಂದ. ಕೆಂಪು ಮೀಸೆಯವನು. ಕಣಜ ನೋಡಿದ, ಅಟ್ಟ ನೋಡಿದ, ಮಂಚದ ಕೆಳಗೆ ಬಗ್ಗಿದ. ಲವಿನಾಳನ್ನು ಕೇಳಿದ, ಅವಳು ಗೊತ್ತಿಲ್ಲ ಎಂದಳು. ಕೊನೆಗೆ ಥರ್ಜಾ ಮಲಗಿದ್ದ ಕೋಣೆಯ ಹೊಸ್ತಿಲಲ್ಲಿ ನಿಂತು ಟೋಪಿ ತೆಗೆದ.

“ಪದ್ಯ ಬರೆಯೋರು ಇವರೇನಾ?”

“ಯಾವ ಪದ್ಯ? ನಮಗ್ಯಾರಿಗೂ ಬರೆಯೋಕೆ ಬರಲ್ಲ” ಎಂದೆ.

“ಸುಮ್ನಿರಿ ಅಮ್ಮ. ನಗರದ ಪತ್ರಿಕೆ ನಮ್ಮ ಕಚೇರಿಗೂ ಬರುತ್ತೆ. ಮೊದಲು ಓದೋದೇ ಇವರ ಪದ್ಯ. ಸತ್ತ ಮಗುವಿನ ಮೇಲಿನ ಒಂದನ್ನ ನನ್ನ ಹೆಂಡತಿ ಬಾಯಿಪಾಠ ಮಾಡ್ಕೊಂಡು ಅತ್ತಿದಾಳೆ.” ಅಲ್ಲೇ ನಿಂತು, ಶಾಲೆಯ ಹುಡುಗನಂತೆ ಕೈ ಹಿಂದೆ ಕಟ್ಟಿಕೊಂಡು ಹೇಳಿದ:

“ಲೈಮನ್ ಹೊಲದ ಎಳೆಯ ಪೈರು,
ಸೊಫ್ರೋನಿಯಾಳ ಮಡಿಲ ಉಸಿರು,
ಕಂಡೂ ಕಾಣದೆ ನಕ್ಕು ಹೋದೆ,
ಅಪ್ಪನ ಹೆಸರ ಹೊತ್ತು ಹೋದೆ.”

“ಅಪ್ಪನ ಹೆಸರು ಇದೆ, ಅಮ್ಮನ ಹೆಸರು ಇದೆ, ಕೆಳಗೆ ಊರೂ ಇದೆ. ನಾವು ಯಾಕೆ ಸುಮ್ನೆ ಮನೆ ಮನೆ ಸುತ್ತಬೇಕು ಹೇಳಿ? ಇವರಿಗೆ ಬೇಗ ವಾಸಿ ಆಗಲಿ.” ಟೋಪಿ ಹಾಕಿಕೊಂಡು ಹೋದ.

ಮಾರ್ಷಲ್‌ಗಳು ಹಿಡಿದುಕೊಂಡು ಹೋದ ಗಂಡಸರ ಮುಖಗಳು ನನಗೆ ಒಂದೊಂದಾಗಿ ನೆನಪಾದವು. ಎಲ್ಲರೂ ಈಚೆಗೆ ಮಗುವನ್ನು ಮಣ್ಣು ಮಾಡಿದವರು. ಹೀಬರನಿಗೆ ಸತ್ತ ಮಕ್ಕಳಿರಲಿಲ್ಲ, ಅದಕ್ಕೇ ಅವನು ಇನ್ನೂ ಬೆಟ್ಟದಲ್ಲಿದ್ದ.

ಥರ್ಜಾಳ ಕಣ್ಣು ತೆರೆದಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನಿನಗೆ ಗೊತ್ತಿತ್ತಾ?” ಎಂದೆ.

“ಲೈಮನ್‌ನ ಹಿಡಿದ ದಿನವೇ ಗೊತ್ತಾಯ್ತು. ಅದಕ್ಕೂ ಮೊದಲು, ಮಗು ಸತ್ತ ದಿನ, ಸೊಫ್ರೋನಿಯಾ ಅದನ್ನ ಮಡಿಲಲ್ಲಿ ಇಟ್ಕೊಂಡೇ ನನ್ನ ಕೇಳಿದ್ಲು. ‘ಬದುಕಿರೋ ಮಕ್ಕಳಿಗೆಲ್ಲ ಅಪ್ಪ ಗೊತ್ತಿಲ್ಲ ಅನ್ನೋಕೆ ಕಲಿಸಿದೀನಿ. ಇದನ್ನ ಇನ್ನು ಯಾರೂ ಕೇಳಲ್ಲ. ಇದಕ್ಕಾದ್ರೂ ಅಪ್ಪನ ಹೆಸರು ಹಾಕು, ಅಚ್ಚಲ್ಲಿ ಬರಲಿ’ ಅಂದ್ಲು. ಹೇಗೆ ಬೇಡ ಅನ್ನಲಿ? ಆಮೇಲೆ ಬೇರೆ ತಾಯಂದಿರೂ ಬಂದ್ರು.”

“ಅವಳೇ ಕೇಳಿ ಬರೆಸಿ, ಅವಳೇ ನಿನ್ನ ಬೀದಿಗೆ ಎಳೆದ್ಲಾ? ಈಗಲೇ ಹೋಗಿ ಊರ ನಡುವೆ ನಿಂತು ಹೇಳ್ತೀನಿ ನೋಡು.”

ಅವಳು ನನ್ನ ಮಣಿಕಟ್ಟು ಹಿಡಿದಳು. ಜ್ವರದ ಕೈ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ.

“ಮಗು ಸತ್ತ ತಾಯಿಗೆ, ನಿನ್ನ ಗಂಡನ್ನ ನೀನೇ ಹಿಡಿಸಿದೆ ಅಂತ ಹೇಳ್ತೀಯಾ? ಅವಳಿಗೆ ಇನ್ನೂ ಮೂರು ಮಕ್ಕಳಿದಾವೆ, ಅವಳು ಏಳಬೇಕು, ಹಾಲು ಕರೀಬೇಕು. ನಾನು ಹೇಗೂ ಹೋಗೋಳು. ಯಾರಾದ್ರೂ ಕೇಳಿದ್ರೆ ನಾನೇ ಹಿಡಿಸಿಕೊಟ್ಟಿದ್ದು ಅಂತ ಹೇಳಿಬಿಡು. ಬರೆದೋಳು ನಾನೇ ತಾನೆ? ಮಾತು ಕೊಡು ಕೆಜಾಯಾ.”

ಕೊಟ್ಟೆ. ಕೊಡುವಾಗಲೂ ನನಗೆ ಅವಳ ಮೇಲೆ ಎಂಥ ಕೋಪ ಬಂದಿತ್ತೆಂದರೆ, ಅಷ್ಟು ಕೋಪ ನನಗೆ ಅವಳ ಮೇಲೆ ಉಪ್ಪಿನ ಜಗಳದಲ್ಲೂ ಬಂದಿರಲಿಲ್ಲ. ಅಷ್ಟೇ ಪ್ರೀತಿಯೂ ಬಂತು. ಭಾನುವಾರ ಮಧ್ಯಾಹ್ನ, ನಾನು ಒಲೆಗೆ ಸೌದೆ ಹಾಕಿ ತಿರುಗುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಹೀಬರನಿಗೆ ಹೇಳಿಕಳಿಸಲಿಲ್ಲ. ಬಂದಿದ್ದರೆ ಅವನನ್ನೂ ಹಿಡಿಯುತ್ತಿದ್ದರು.

ಮರುದಿನ ಹೆಂಗಸರು ಬಂದರು. ಸಾವಿನ ಮನೆಗೆ ಬರದಿದ್ದರೆ ಬಿಷಪ್ ಬಿಡುವುದಿಲ್ಲ. ಆದರೆ ಅಂಗಳದಲ್ಲಿ ಹಿಮದ ಮೇಲೆ ಗುಂಪಾಗಿ ನಿಂತರು, ಒಳಗೆ ಕಾಲಿಡಲಿಲ್ಲ. ಬಾಗಿಲು ತೆರೆದೇ ಇತ್ತು. ನಾನು ಒಬ್ಬಳೇ ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟುಕೊಂಡು ಥರ್ಜಾಳ ಮೈ ತೊಳೆಯುತ್ತಿದ್ದೆ. ಅವಳ ಬಲಗೈಯ ನಡುಬೆರಳಿನ ಮೇಲಿನ ಶಾಯಿಯ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಆಗ ಒಬ್ಬಳು ಒಳಗೆ ಬಂದಳು. ಸೊಫ್ರೋನಿಯಾ. ತೋಳು ಮಡಿಸಿದಳು, ಬಟ್ಟೆ ಅದ್ದಿದಳು, ಥರ್ಜಾಳ ಪಾದ ತೊಳೆಯತೊಡಗಿದಳು. ಇವಳಿಗೆ ಇಲ್ಲೇನು ಕೆಲಸ ಎಂದು ನಾನು ಅವಳ ಕೈಯನ್ನೇ ನೋಡಿದೆ. ಅದು ಒಂದೇ ಪಾದವನ್ನು ಮತ್ತೆ ಮತ್ತೆ ಉಜ್ಜುತ್ತಿತ್ತು.

“ಕೊನೇಲಿ ಮಾತಾಡಿದ್ಲಾ?” ಎಂದಳು, ತಲೆ ಎತ್ತದೆ.

“ಆಡಿದ್ಲು.”

“ಏನಾದ್ರೂ… ನನ್ನ ವಿಷಯ ಏನಾದ್ರೂ ಅಂದ್ಲಾ?”

ಆ ಪ್ರಶ್ನೆ ಸಾಕಾಯಿತು. ಇವಳಿಗೂ ಗೊತ್ತಿತ್ತು, ಮೊದಲ ದಿನದಿಂದ ಗೊತ್ತಿತ್ತು. ಅದಕ್ಕೇ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದಳು. ಬೋಗುಣಿಯನ್ನು ಅವಳ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

“ನಿನ್ನ ವಿಷಯ ಏನೂ ಅನ್ನಲಿಲ್ಲ” ಎಂದೆ. “ಎಲ್ಲಾ ಒಪ್ಪಿಕೊಂಡ್ಲು. ಲೈಮನ್‌ನ ಹಿಡಿಸಿಕೊಟ್ಟೋಳು ನಾನೇ ಅಂದ್ಲು. ಊರಿಗೆಲ್ಲ ಹಾಗೇ ಹೇಳು ಅಂದ್ಲು. ನೀನು ಹೇಳಿದ್ದೇ ಸರಿ ಆಯ್ತು ಸೊಫ್ರೋನಿಯಾ. ದ್ರೋಹಿ ಅಂತಲೇ ಮಣ್ಣು ಮಾಡ್ತೀವಿ, ಪದ್ಯ ಗಿದ್ಯ ಏನೂ ಬೇಡ.”

ಅವಳ ಕೈಯಲ್ಲಿದ್ದ ಬಟ್ಟೆ ನೀರಿಗೆ ಬಿತ್ತು. ನನ್ನ ಮುಖ ನೋಡಿದಳು, ಥರ್ಜಾಳ ಮುಖ ನೋಡಿದಳು.

“ಸುಳ್ಳು” ಎಂದಳು ಮೆಲ್ಲಗೆ. ನಾನು ಥರ್ಜಾಳ ಕೂದಲು ಬಾಚಲು ಹಣಿಗೆ ತೆಗೆದುಕೊಂಡೆ.

“ಸುಳ್ಳು! ಅವಳಲ್ಲ! ನಾನು ಬರೆಸಿದ್ದು, ನಾನು! ನನ್ನ ಮಗೂಗೆ ಅಪ್ಪನ ಹೆಸರು ಬೇಕಿತ್ತು ಕಣೇ, ಬರೀ ಒಂದು ಹೆಸರು! ಎದ್ದೇಳೇ ಥರ್ಜಾ, ಯಾಕೇ ಹಾಗಂದೆ? ಎದ್ದೇಳೇ!”

ಆ ಕೂಗು ಅಂಗಳದ ಕೊನೆಯ ತನಕ ಕೇಳಿಸಿತು. ಹೊರಗಿನ ಗುಂಪಿನಲ್ಲಿ ಇನ್ನೂ ಕೆಲವು ತಾಯಂದಿರಿದ್ದರು, ಅವರವರ ಗೋಡೆಯ ಪದ್ಯದಲ್ಲಿ ಯಾವ ಹೆಸರಿದೆಯೆಂದು ಅವರಿಗೆ ಗೊತ್ತಿತ್ತು.

ನಾನು ಬೇಕೆಂದೇ ಹಾಗೆ ಹೇಳಿದೆನಾ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಥರ್ಜಾ ಹೇಳು ಎಂದದ್ದನ್ನು ಹೇಳಿದೆ, ಅಷ್ಟೇ ನನ್ನ ಉತ್ತರ.

ಮೊದಲು ಒಳಗೆ ಬಂದವಳು ಜಾರೆಡ್‌ನ ಹೆಂಡತಿ. ಅವಳ ಹಿಂದೆ ಬಿಷಪ್ಪನ ಹೆಂಡತಿ. ಆಮೇಲೆ ಎಲ್ಲರೂ ಬೂಟಿನ ಹಿಮ ಕೊಡವಿಕೊಂಡು ಒಬ್ಬೊಬ್ಬರಾಗಿ ಬಂದರು, ಕೋಣೆ ಸಾಲಲಿಲ್ಲ. ಸೊಫ್ರೋನಿಯಾ ಮಂಚದ ಕಾಲಿಗೆ ತಲೆ ಆನಿಸಿ ಕುಳಿತಿದ್ದಳು. ಬಿಷಪ್ಪನ ಹೆಂಡತಿ ಬಗ್ಗಿ ನೀರಿನಿಂದ ಬಟ್ಟೆ ತೆಗೆದು, ಹಿಂಡಿ, ಅವಳ ಕೈಗೇ ಮತ್ತೆ ಕೊಟ್ಟಳು.

“ಇನ್ನೊಂದು ಪಾದ ಬಾಕಿ ಇದೆ, ತೊಳಿ” ಎಂದಳು.