ಮೆಕ್ಕೆಜೋಳದ ಕಾಟಾ

ಭಾನುವಾರ ಬಂತೆಂದರೆ ಕ್ರಾಂತಿ ಬೆಳಿಗ್ಗೆಯಿಂದ ನೀರನ್ನೂ ಕುಡಿಯುತ್ತಿರಲಿಲ್ಲ. ಅವಳ ಅಣ್ಣ ಹುಲುಗೇಶ ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಚೀಲ ತೂಗುವವನು. ವ್ಯಾಪಾರವಿಲ್ಲದ ಆ ದಿನ ತಂಗಿಯನ್ನು ಅಲ್ಲಿಗೆ ಎಳೆದೊಯ್ದು, ಚೀಲ ಇಡುವ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಿದ್ದ. ಹೋದ ವಾರಕ್ಕಿಂತ ಇಳಿದಿದ್ದರೆ ಸರಿ. ಇಲ್ಲದಿದ್ದರೆ ಚೀಲ ಕಟ್ಟುವ ಹಗ್ಗ ಅವನ ಕೈಯಲ್ಲೇ ಇರುತ್ತಿತ್ತು.

ಇದು ಶುರುವಾದದ್ದು ಕೂಡ್ಲಿಗಿ ಕಡೆಯವರು ಹೆಣ್ಣು ನೋಡಿ ಹೋದ ಮೇಲೆ. "ಹುಡುಗಿ ಓದ್ಯಾಳ, ಗುಣಾನೂ ಐತಿ. ಆದ್ರ ನಮ್ಮ ಮನಿ ಬಾಗಲಾ ಸಣ್ಣದು ನೋಡ್ರಿ" ಎಂದು ಗಂಡಿನ ಸೋದರಮಾವ ನಕ್ಕಿದ್ದ. ಅವರು ಬಸ್ಸು ಹತ್ತಿದ್ದೇ ತಡ, ಹುಲುಗೇಶ ಅವಳ ಕೆನ್ನೆಗೆ ಹೊಡೆದ ಹೊಡೆತಕ್ಕೆ ಕಿವಿಯೋಲೆ ಹಾರಿ ಒಲೆಯ ಬೂದಿಗೆ ಬಿದ್ದಿತ್ತು. ತಾಯಿ ಪಕ್ಕೀರಮ್ಮ ತಡೆಯಲಿಲ್ಲ. ಮರುದಿನ ರೊಟ್ಟಿ ಡಬ್ಬಿಗೆ ಬೀಗ ಹಾಕಿದಳು.

"ನಿನ್ನ ಒಳ್ಳೇದಕ್ಕ ಮಗಳ. ಇಳದ್ರ ಯಾರರ ಕೈ ಹಿಡೀತಾರ."

ಮನೆಗೆಲ್ಲ ರೊಟ್ಟಿ ಬಡಿಯುವವಳು ಕ್ರಾಂತಿಯೇ. ಬಡಿದು, ಬೇಯಿಸಿ, ಡಬ್ಬಿ ತುಂಬಿಸಿ, ತಾನು ಮಜ್ಜಿಗೆ ಕುಡಿದು ತಮ್ಮೂರು ಚಿಗಟೇರಿಯಿಂದ ಹರಪನಹಳ್ಳಿಯ ಕಾಲೇಜಿಗೆ ಬಸ್ಸು ಹತ್ತುತ್ತಿದ್ದಳು. ಪದವಿಯ ಕೊನೆಯ ವರ್ಷ. ಮೊದಲು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಹಿಂದಕ್ಕೆ ಸರಿದಳು. ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ. ಎದ್ದರೆ ಎಲ್ಲರೂ ನೋಡುತ್ತಾರಲ್ಲ.

ಆ ಭಾನುವಾರ ತೂಕ ಇಳಿದಿರಲಿಲ್ಲ.

"ಕದ್ದು ತಿಂದೀ ಹೌದಿಲ್ಲೋ?"

"ಇಲ್ಲಣ್ಣ."

"ಮತ್ತ ಗಾಳಿ ಕುಡದು ಊದೀಯೇನು? ನಾಳಿಂದ ಕಾಲೇಜು ಬಂದ್!"

ಅಷ್ಟು ವಾರ ಸುಮ್ಮನೆ ಹೊಡೆತ ತಿಂದವಳು ಈ ಮಾತಿಗೆ ತಲೆ ಎತ್ತಿದಳು. "ಹೊಡಿ ಬೇಕಾದ್ರ. ಕಾಲೇಜು ಬಿಡೂದಿಲ್ಲ."

ಹಗ್ಗ ಬೀಸಿ ಬಂತು. ಬೆನ್ನು, ತೋಳು, ಮತ್ತೆ ಬೆನ್ನು. ಬಟ್ಟೆ ಹರಿದು ರಕ್ತ ಒಸರಿತು. ಒಂದೊಂದು ಹೊಡೆತಕ್ಕೂ ಕಾಟಾದ ಕೆಂಪು ಅಂಕಿ ಮೇಲೆ ಕೆಳಗೆ ಕುಣಿಯಿತು. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಹಮಾಲಿ ಬೆನಕಪ್ಪ, "ಬಿಡೋ ಮಾರಾಯ, ಸತ್ತಾಳು" ಎಂದು ಎದ್ದ. "ನಮ್ಮ ಮನಿ ಮಾತು, ನೀ ಸುಮ್ಕಿರು" ಎಂದು ಹುಲುಗೇಶ ಗದರಿದ.

ಮಗ ಮರೆತು ಬಂದ ಬುತ್ತಿ ಹಿಡಿದು, ಬಸ್ಸಿಳಿದು ಪಕ್ಕೀರಮ್ಮ ಮಂಡಿಯ ಬಾಗಿಲಿಗೆ ಬಂದದ್ದು ಆಗ. ಅವಳು ಈ ತೂಗಾಟ ಕಂಡವಳಲ್ಲ. ಮನೆಗೆ ಬರುತ್ತಿದ್ದದ್ದು ಅಂಕಿ ಮಾತ್ರ. ಮಗಳು ಕೈಕಾಲೂರಿ ಕಾಟಾದ ಮೇಲೆ ಬಿದ್ದಿದ್ದನ್ನು ನೋಡಿ ಬುತ್ತಿ ಕೆಳಗಿಟ್ಟಳು. ತಾನೂ ಕಾಟಾ ಹತ್ತಿದಳು.

"ಯವ್ವಾ, ಸರಿ ಆಕಡಿ!"

"ನನ್ನೂ ತೂಗಲೇ. ಬೀಗ ಹಾಕಿದ ಕೈ ನಂದು. ಆಮ್ಯಾಲ ನಿನ್ನ ಹೊಡಿಯೋ ಕೈ ಇಡು. ಯಾವುದು ಭಾರ ನೋಡೂಣು."

"ಆಕಡಿ ಸರಿ ಅಂದ್ನೆಲ್ಲ!" ಹಗ್ಗ ತಾಯಿಯ ಮುಂಗೈಗೆ ಬಿತ್ತು. ಬಳೆ ಚೂರಾಯಿತು. ಎರಡನೆಯ ಸಲ ಎತ್ತಿದಾಗ ಕ್ರಾಂತಿ ಹಗ್ಗ ಹಿಡಿದಳು. ಅಂಗೈಗೆ ಸುತ್ತಿಕೊಂಡು ಜಗ್ಗಿದಳು. ದಿನಾ ರೊಟ್ಟಿ ಬಡಿದ ಕೈ. ಹುಲುಗೇಶ ಮುಗ್ಗರಿಸಿ ಅವಳ ಕಾಲ ಬಳಿ ಬಿದ್ದ.

ಹಗ್ಗ ಈಗ ಅವಳ ಕೈಯಲ್ಲಿ. ಅದು ಮೇಲೆದ್ದಿತು. ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕ್ರಾಂತಿ ಅವನನ್ನೇ ನೋಡಿದಳು. ಇಷ್ಟು ವಾರ ತಾನು ಮುಚ್ಚಿಕೊಂಡದ್ದೂ ಹಾಗೆಯೇ. ಹಗ್ಗವನ್ನು ಅಂಗಳಕ್ಕೆ ಎಸೆದಳು.

ಪಕ್ಕೀರಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಮಗಳ ಮುಂದಿಟ್ಟಳು. ಬುತ್ತಿ ಬಿಚ್ಚಿದಳು. ಕ್ರಾಂತಿ ಅಲ್ಲೇ, ಕಾಟಾದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ ಮುರಿದಳು.

"ನಾಳಿ ಬಸ್ಸು ಎಷ್ಟೊತ್ತಿಗೆ?" ತಾಯಿ ಕೇಳಿದಳು.

"ಒಂಬತ್ತಕ್ಕ. ರೊಟ್ಟಿ ಬಡದು ಹೋಗ್ತೀನಿ."

"ನಾಳಿ ನಾ ಬಡೀತೀನಿ. ನೀ ಉಂಡು ಹೋಗು."

ಅವಳು ತುತ್ತು ಎತ್ತಿದಾಗಲೆಲ್ಲ ಕೆಂಪು ಅಂಕಿ ಅಲುಗುತ್ತಿತ್ತು. ಅದನ್ನು ನೋಡುತ್ತಿದ್ದವನು ಹುಲುಗೇಶ ಒಬ್ಬನೇ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಹೋಗಿ ಗೋಡೆಯಿಂದ ಕಾಟಾದ ವೈರು ಕಿತ್ತ. ಅಂಕಿ ಆರಿತು.