ಹಿಂದಿನಿಂದ ಕೂಗಿದವಳು

ತ್ಸುಗಾರು ಕಡಲತೀರದ ಒಂದು ಮನೆಯಲ್ಲಿ ಹೆಂಗಸರು ಪೀಪಾಯಿಯಲ್ಲಿ ಮೂಲಂಗಿಗೆ ಉಪ್ಪು ಹಾಕುತ್ತಿದ್ದರು. ಮುದುಕಿ ತೋಮೆಯ ಮಗ ಯೋಸಾಕು ಕಡಲಿನ ಪಾಲಾಗಿ ನೂರು ದಿನ ಕಳೆದಿತ್ತು. ಹಿಂದಿನ ವಾರ, ಸತ್ತವರನ್ನು ಮೈಮೇಲೆ ಕರೆಸಿಕೊಳ್ಳುವ ಕುರುಡಜ್ಜಿಯನ್ನು ಮನೆಗೆ ಕರೆಸಿದ್ದರು. ಅಂದಿನಿಂದ ಸೊಸೆ ಸುಯೆಗೆ ಕಳಂಕ ಅಂಟಿತು. ಐದು ವರ್ಷದ ಮಗಳನ್ನು ಇಲ್ಲೇ ಬಿಟ್ಟು ಅವಳು ತವರಿಗೆ ಹೋಗಬೇಕೆಂದು ತೀರ್ಮಾನವಾಗಿತ್ತು. ಹಿತ್ತಲ ಕೋಣೆಯಲ್ಲಿ ಅವಳು ಬಟ್ಟೆಯ ಗಂಟು ಕಟ್ಟುತ್ತಿದ್ದಳು.

"ಯೋಸಾಕು ಬಾಯಲ್ಲೇ ಬಂತಲ್ಲ ಅತ್ತಿಗೆ," ಎಂದಳು ತೋಮೆಯ ನಾದಿನಿ ಕಿಸಾ. "'ಹೊಸ್ತಿಲು ದಾಟಿದ್ಮೇಲೆ ಸುಯೆ ಹಿಂದಿಂದ ಕೂಗಿದ್ಲು, ಅದಕ್ಕೇ ದೋಣಿ ಮಗುಚ್ತು' ಅಂತ. ಕಡಲಿಗೆ ಹೋಗೋನ್ನ ಯಾರಾದ್ರೂ ಹಿಂದಿಂದ ಕೂಗ್ತಾರಾ?"

"ಹೂಂ, ಹೆಸರು ಹಿಡಿದೇ ಹೇಳಿದ," ಎಂದಳು ನೆರೆಮನೆಯ ಮಾತ್ಸುಯೊ. "ನನಗಂತೂ ಮೈ ಜುಮ್ಮಂತು."

ತೋಮೆಯ ಕೈ ನಿಂತಿತು. ಅವಳಿಗೂ ಹಾಗೆಯೇ ನೆನಪಿತ್ತು, ಮಗನ ದನಿಯಲ್ಲೇ. ಆದರೆ ಅವನು ಕಡಲಿಗೆ ಹೊರಟ ಮುಂಜಾನೆ ಸುಯೆ ಬಾವಿಯ ಬಳಿ ಇದ್ದಳು. ಅನ್ನದ ಉಂಡೆ ಮರೆತು ಹೊರಟವನನ್ನು ಕೂಗಿದವಳು ತೋಮೆಯೇ. ಹೆದರಿ ಆ ಮಾತನ್ನು ನುಂಗಿಕೊಂಡಿದ್ದಳು. ಮೂರು ದಿನದಿಂದ ಬುದ್ಧನ ಪೀಠದಲ್ಲಿ ಮಗನಿಗೆ ಅನ್ನವಿಟ್ಟು, ಕುರುಡಜ್ಜಿ ಬಂದ ದಿನದ ಮಾತುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಸತ್ತ ಮಗ ಸುಳ್ಳಾಡುವವನಲ್ಲ; ಹಾಗಾದರೆ ಆ ಮಾತು ಬಂದಿದ್ದು ಎಲ್ಲಿಂದ?

"ಕಿಸಾ, ಅಜ್ಜಿ ಅಂದಿದ್ದು 'ಹೊರಡುವಾಗ ಮನಸ್ಸು ಮನೆ ಕಡೆ ಎಳೀತು' ಅಂತ, ಅಷ್ಟೇ. 'ಯಾರಾದ್ರೂ ಕೂಗಿದ್ರಾ?' ಅಂದೋಳು ನೀನು. ಅಜ್ಜಿ ಹೂಂ ಅಂದ್ಲು. 'ಸುಯೆನಾ?' ಅಂದೋಳೂ ನೀನೇ. ಅದಕ್ಕೂ ಹೂಂ."

"ಹಾಗಾದ್ರೆ ನಾವು ಸುಳ್ಳಿಯರಾ?"

"ಸುಳ್ಳು ಅಲ್ಲ ಕಣೇ. ಅಳ್ತಾ ಅಳ್ತಾ, ಹೇಳ್ತಾ ಹೇಳ್ತಾ, ನಿನ್ನ ಮಾತೇ ಅವನ ಬಾಯಿಗೆ ಹೋಗಿ ಕೂತ್ಕೊಳ್ತು. ನನಗೂ ಹಾಗೇ ಕೇಳಿಸ್ತು. ಅವನನ್ನ ಕೂಗಿದ್ದು ನಾನು."

ಮಾತ್ಸುಯೊ ಗಾಬರಿಯಾದಳು. "ಮೆಲ್ಲಗೆ ಅನ್ನಿ, ಅಂಗಳದಲ್ಲಿ ಜನ ಇದ್ದಾರೆ."

"ಕೇಳಿಸ್ಕೊಳ್ಳಲಿ. ಅವನನ್ನ ನುಂಗಿದ್ದು ಅಲೆ, ನನ್ನ ಕೂಗಲ್ಲ. ಮಗ ಹಸ್ಕೊಂಡು ಹೋಗ್ಲಿ ಅಂತ ಬಾಯಿ ಮುಚ್ಕೊಂಡಿರಬೇಕಿತ್ತಾ? ಇನ್ನೊಂದ್ಸಲ ಸಿಕ್ಕಿದ್ರೂ ಕೂಗ್ತೀನಿ."

ಅಷ್ಟರಲ್ಲಿ ಸುಯೆ ಗಂಟು ಹೊತ್ತು, ತಲೆ ತಗ್ಗಿಸಿ, ಹೊಸ್ತಿಲು ದಾಟಿದಳು. ಅಂಗಳದ ಜನ ಅವಳಿಗೆ ದಾರಿ ಬಿಟ್ಟರು. ತೋಮೆ ಉಪ್ಪಿನ ಕೈಯಲ್ಲೇ ಎದ್ದು ಬಾಗಿಲಿಗೆ ಬಂದಳು. ಎಲ್ಲರಿಗೂ ಕೇಳುವಂತೆ, ಹಿಂದಿನಿಂದ, ಸೊಸೆಯನ್ನು ಹೆಸರು ಹಿಡಿದು ಕೂಗಿದಳು.