ಬೇವಿನ ದಿಮ್ಮಿಯ ಸುತ್ತಳತೆ

"ನಿನ್ನ ದಾರ ಸುಳ್ಳ ಹೇಳೇತಿ ನೋಡ ಯವ್ವಾ," ಎಂದ ಸಾಮಿಲ್ಲಿನ ನಬಿಸಾಬ.

ಅಂಜನಾ ದಿಮ್ಮಿಯ ಮೇಲೆ ಬಗ್ಗಿದಳು. ಗಾಳಿಗೆ ಉರುಳಿದ ಅಂಗಳದ ಬೇವಿಗೆ ಅವಳೇ ಸುತ್ತಳತೆಗೊಂದು, ಉದ್ದಕ್ಕೊಂದು ದಾರ ಹಿಡಿದು, ಎರಡೂ ತುದಿಗೆ ಗಂಟು ಹಾಕಿ, ಹೋದ ವಾರ ತಂದುಕೊಟ್ಟಿದ್ದಳು. ನಬಿಸಾಬ ಸುತ್ತಳತೆಯ ದಾರವನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆಯ ಅಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ದಿಮ್ಮಿಯ ಉದ್ದಕ್ಕೆ ಗುಣಿಸಿ, ಮರದ ಲೆಕ್ಕ ತೆಗೆದು, "ಬಾಗಿಲಾ ಆದೀತು, ಇಲ್ಲಾ ಮಗ್ಗ ಆದೀತು. ಎರಡೂ ಆಗಂಗಿಲ್ಲ" ಎಂದಿದ್ದ.

ಬಾಗಿಲು ಬೇಕಿದ್ದದ್ದು ಅತ್ತೆ ಸೋಮವ್ವನಿಗೆ; ನಬಿಸಾಬನ ಮಾತು ಅವಳ ಕಿವಿಗೂ ಬಿದ್ದಿತ್ತು. ತಗಡಿನ ಬಾಗಿಲನ್ನೇ ತೆಗೆಯುತ್ತ, ಮುಚ್ಚುತ್ತ ಮುದುಕಿಯಾದವಳು. ಅಂಜನಾ ಇಳಕಲ್ಲಿನಲ್ಲಿ ಇನ್ನೊಬ್ಬರ ಮಗ್ಗಕ್ಕೆ ಕೂತು ಸೀರೆ ನೇಯುವವಳು. ತನ್ನದೂ ಒಂದು ಮಗ್ಗ ಇರಬೇಕೆಂಬ ಆಸೆಯನ್ನು ನುಂಗಿಕೊಂಡಿದ್ದಳು.

ಇವತ್ತು ದಿಮ್ಮಿಯೇ ಸಾಮಿಲ್ಲಿಗೆ ಬಂದಿತ್ತು. ಟೇಪು ಸುತ್ತಿ ನೋಡಿದರೆ ಅವಳ ದಾರ ನಾಲ್ಕು ಬೆರಳು ಗಿಡ್ಡ.

"ಬಿದ್ದ ಮ್ಯಾಲ ಬೆಳದೈತೇನ್ರಿ ಕಾಕಾ ಇದು?"

"ಹುಚ್ಚಿ! ನೀ ತುದಿ ಕಡಿ ಅಳದಿರಬೇಕು."

"ಇಲ್ರಿ, ಕಟ್ಟಿಗ್ಯಾಗಿನ ಈ ಗಂಟಿನ ಬಾಜೂಕನ ಅಳದೀನಿ."

ಉದ್ದ ಅಳೆದ ದಾರವೂ ಗಿಡ್ಡವೇ. ಅಂಜನಾಗೆ ಬಿಡಲಾಗಲಿಲ್ಲ. ಸುತ್ತಳತೆಯ ದಾರವನ್ನು ಮತ್ತೆ ದಿಮ್ಮಿಗೆ ಸುತ್ತಿ ಬಿಗಿದಳು. ದಾರದ ಗಂಟಿಗೆ ಗಂಟು ಕೂಡಿತು! ಕೈ ಬಿಟ್ಟಳು. ದಾರ ಹಿಂದೆ ಸರಿಯಿತು. ಮತ್ತೆ ಬಿಗಿದಳು, ಮತ್ತೆ ಬಿಟ್ಟಳು; ಆಮೇಲೆ ಒಬ್ಬಳೇ ನಗತೊಡಗಿದಳು.

"ಮಗ್ಗದ ನೂಲರಿ ಇದು. ಜಗ್ಗಿದ್ರ ಬರ್ತೈತಿ, ಬಿಟ್ರ ಹೋಗ್ತೈತಿ. ಸಡ್ಲ ಇದ್ದದ್ದು ಕಂಡ್ರ ನನ್ನ ಕೈ ಸುಮ್ನಿರಂಗಿಲ್ಲ, ಜಗ್ಗೇಬಿಟ್ಟೀನಿ."

ನಬಿಸಾಬ ಟೇಪಿನ ಅಳತೆ ಹಿಡಿದು ಮೊಬೈಲಿನಲ್ಲಿ ಹೊಸದಾಗಿ ಗುಣಿಸಿದ. ತಲೆ ಕೆರೆದುಕೊಂಡ. "ಜ್ವಾಕಿಲೆ ಕೊಯ್ದ್ರ ಎರಡೂ ಆಗ್ತಾವು."

ಖುಷಿಗೆ ಅಂಜನಾಳ ಕಣ್ಣು ತುಂಬಿದವು. ಮನೆಗೆ ಬಂದು ಅತ್ತೆಗೆ ನೂಲು ಮಾಡಿದ ಕಿತಾಪತಿಯನ್ನಷ್ಟೇ ಹೇಳಿದಳು. ಮಗ್ಗದ ಮಾತು ಬಾಯಿಗೆ ಬರಲೊಲ್ಲದು.

"ಅಂದ್ರ ಮಗ್ಗಾನೂ ಆಗ್ತೈತಿ ಅಂದಂಗಾತು," ಎಂದಳು ಸೋಮವ್ವ.

"ಹೂಂ ಅತ್ತಿ."

"ಎಲ್ಲಿ ಹಾಕಾಕಿ?"

ಇದ್ದದ್ದು ಒಂದೇ ಕೋಣೆ. ನೇಯುವಷ್ಟು ಬೆಳಕು ಬೀಳುವುದು ಕಿಟಕಿಯ ಕೆಳಗೆ ಮಾತ್ರ. ಅಲ್ಲಿ ಅತ್ತೆ ಮಲಗುವ ಹೊರಸು. ಅಂಜನಾ ಅತ್ತ ನೋಡಿದಳು, ತಟ್ಟನೆ ಕಣ್ಣು ಕೆಳಗೆ ಹಾಕಿದಳು.

ಸೋಮವ್ವ ಎದ್ದು, ಹಾಸಿಗೆ ಸುತ್ತಿ ಗೋಡೆಗಿಟ್ಟು, ಹೊರಸಿನ ಕಾಲಿಗೆ ಕೈ ಹಾಕಿದಳು.

"ನಿಂತ ಏನ ನೋಡ್ತೀ? ಆ ಕಡಿ ಹಿಡಿ."